ದ್ವೀಪದ ಆಟಗಾರ: ಐರ್ಲೆಂಡಿನ ಕಾಲ್ಚೆಂಡಾಟದಲ್ಲಿ ಊರು ಮತ್ತು ನಾಡು

“ದೇಶ ಸುತ್ತು, ಕೋಶ ಓದು” ಎಂದು ಹಿರಿಯರು ಹೇಳುತ್ತಾರೆ. ದೇಶ ಸುತ್ತುವ ಯೋಗ ನನಗಿನ್ನೂ ಕೂಡಿ ಬಂದಿಲ್ಲ. ನನ್ನ ಅಕ್ಕನಿಗೆ ಬಂದಿದೆ. ಅವಳು ಐರ್ಲೆಂಡ್ ದೇಶದ ನೈಋತ್ಯ ಮೂಲೆಯಲ್ಲಿರುವ ಕೆರ್ರಿ ಎಂಬಲ್ಲಿ ದಾದಿಯಾಗಿದ್ದಾಳೆ. ಅವಳು ಹೇಳಿದ ಮಾತುಗಳಿಂದ ಹುಟ್ಟಿದ ಕುತೂಹಲವೇ ಈ ಲೇಖನಕ್ಕೆ ಮೂಲ. ಆದರೆ ಅದಕ್ಕೂ ಮೊದಲು ನನ್ನದೊಂದು ಸಣ್ಣ ಸಂಗತಿಯನ್ನು ವಾಚಕರ ಮುಂದೆ ಒಪ್ಪಿಸಿಬಿಡಬೇಕು.

ನಾನು ನಮ್ಮ ಕಾಲೇಜಿನ ಕಬಡ್ಡಿ ತಂಡದಲ್ಲಿ ಆಡುವವನು. 2025ರ ನಮ್ಮೂರ ಜಾತ್ರೆಯ ಪಂದ್ಯಾವಳಿಗೆ ನೆರೆಯ ಊರಿನ ತಂಡದವರು ಬಂದು, “ನಮ್ಮ ಕಡೆ ಆಡಿಕೊಡಪ್ಪ, ಎರಡು ಸಾವಿರ ಕೊಡುತ್ತೇವೆ” ಎಂದರು. ಪರೀಕ್ಷೆಯ ಶುಲ್ಕ ಕಟ್ಟುವ ಕಾಲ, ಒಪ್ಪಿಕೊಂಡೆ. ಕೊನೆಯ ಪಂದ್ಯದಲ್ಲಿ ಎದುರಿಗೆ ನಿಂತದ್ದು ನಮ್ಮೂರ ತಂಡವೇ. ಗೆದ್ದೆವು. ಮನೆಗೆ ಬಂದಾಗ ಜಗುಲಿಯ ಮೇಲೆ ಕುಳಿತಿದ್ದ ತಾತ, “ಗೆದ್ದೆಯಂತಲ್ಲ, ಯಾವ ಊರಿಗೆ ಗೆದ್ದೆಯಪ್ಪ?” ಎಂದಷ್ಟೇ ಕೇಳಿದರು. ನಾನು ಉತ್ತರ ಕೊಡಲಿಲ್ಲ. ಆ ವಾರ ಅಕ್ಕನೊಡನೆ ದೂರವಾಣಿಯಲ್ಲಿ ಮಾತನಾಡುವಾಗ ಇದನ್ನು ಹೇಳಿದೆ. ಅವಳು ನಕ್ಕು, “ಇಲ್ಲಿ ಹಾಗೆ ಮಾಡಿದ್ದರೆ ನಿನಗೆ ಊರಲ್ಲಿ ಯಾರೂ ನೀರು ಕೊಡುತ್ತಿರಲಿಲ್ಲ ಕಣೋ” ಎಂದಳು. ಅವಳು ಹೇಳಿದ್ದು ಗೇಲಿಕ್ ಕಾಲ್ಚೆಂಡಾಟದ ವಿಷಯ. ಅಂದಿನಿಂದ ಅದನ್ನು ಓದಿ ತಿಳಿಯತೊಡಗಿದೆ.

ಆಟದ ಸ್ವರೂಪ

ನಾವು ಫುಟ್‌ಬಾಲ್ ಎಂದು ಕರೆಯುವ ಆಟಕ್ಕೂ ಇದಕ್ಕೂ ಹೆಸರಿನ ನಂಟಿದೆ, ಸ್ವಭಾವದ ನಂಟು ಕಡಿಮೆ. ಇಲ್ಲಿ ಚೆಂಡನ್ನು ಕೈಯಲ್ಲಿಯೂ ಹಿಡಿಯಬಹುದು, ಕಾಲಿನಲ್ಲಿಯೂ ಒದೆಯಬಹುದು. ಆದರೆ ಹಿಡಿದುಕೊಂಡು ಓಡಿಹೋಗುವಂತಿಲ್ಲ. ನಾಲ್ಕು ಹೆಜ್ಜೆಯಾದ ಮೇಲೆ ಚೆಂಡನ್ನು ನೆಲಕ್ಕೆ ಬಡಿದು ಹಿಡಿಯಬೇಕು, ಇಲ್ಲವೆ ಕಾಲಿನ ತುದಿಗೆ ಬಿಟ್ಟು ಮತ್ತೆ ಕೈಗೆ ಚಿಮ್ಮಿಸಿಕೊಳ್ಳಬೇಕು. ಎರಡು ಸಲ ಒಂದೇ ಸಮನೆ ನೆಲಕ್ಕೆ ಬಡಿಯಕೂಡದು. ಜೊತೆಗಾರನಿಗೆ ಚೆಂಡನ್ನು ಎಸೆಯಕೂಡದು. ಒದೆಯಬೇಕು ಅಥವಾ ಮುಷ್ಟಿಯಿಂದಲೋ ಅಂಗೈಯಿಂದಲೋ ಹೊಡೆದು ಕಳುಹಿಸಬೇಕು.

ಒಂದೊಂದು ಕಡೆಗೆ 15 ಮಂದಿ. ಮೈದಾನ 130ರಿಂದ 145 ಮೀಟರ್ ಉದ್ದ, 80ರಿಂದ 90 ಮೀಟರ್ ಅಗಲ. ಸಾಮಾನ್ಯ ಫುಟ್‌ಬಾಲಿನ ಅಂಗಳಕ್ಕಿಂತ ಬಹಳ ದೊಡ್ಡದು. ಎರಡು ತುದಿಗಳಲ್ಲಿಯೂ ಎತ್ತರದ ಎರಡೆರಡು ಕಂಬಗಳು, ನಡುವೆ ಒಂದು ಅಡ್ಡಪಟ್ಟಿ. ಅಡ್ಡಪಟ್ಟಿಯ ಕೆಳಗೆ ಬಲೆಗೆ ಹೊಡೆದರೆ ಒಂದು ಗೋಲು. ಅದಕ್ಕೆ ಮೂರು ಪಾಯಿಂಟಿನ ಬೆಲೆ. ಅಡ್ಡಪಟ್ಟಿಯ ಮೇಲೆ ಕಂಬಗಳ ನಡುವೆ ಹಾಯಿಸಿದರೆ ಒಂದು ಪಾಯಿಂಟು. 2025ರಲ್ಲಿ ತಂದ ಹೊಸ ನಿಯಮದಂತೆ 40 ಮೀಟರ್ ದೂರದ ಕಮಾನು ಗೆರೆಯ ಆಚೆಯಿಂದ ಹಾಯಿಸಿದರೆ ಎರಡು ಪಾಯಿಂಟು. ಅಂಕಗಳನ್ನು ಬರೆಯುವ ರೀತಿಯೂ ಬೇರೆ. 3-7 ಎಂದರೆ ಮೂರು ಗೋಲು, ಏಳು ಪಾಯಿಂಟು, ಒಟ್ಟು 16. ಈ ಲೆಕ್ಕವನ್ನು ವಾಚಕರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ಸಂಘದ ಹುಟ್ಟು

ಈ ಆಟವನ್ನು ನಡೆಸುವುದು ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್ ಎಂಬ ಸಂಘ. ಅದು 1884ನೆಯ ನವೆಂಬರ್ 1ರಂದು ತರ್ಲಸ್ ಎಂಬ ಪಟ್ಟಣದ ಒಂದು ಹೋಟೆಲಿನಲ್ಲಿ ಹುಟ್ಟಿತು. ಮೈಕೆಲ್ ಕ್ಯೂಸಾಕ್, ಮಾರಿಸ್ ಡೇವಿನ್ ಮೊದಲಾದವರು ಅದರ ಸ್ಥಾಪಕರು. ಆಗ ಐರ್ಲೆಂಡ್ ನಮ್ಮ ದೇಶದಂತೆಯೇ ಆಂಗ್ಲರ ಆಳ್ವಿಕೆಯಲ್ಲಿತ್ತು. ಭಾಷೆ, ಹಾಡು, ಆಟ ಎಲ್ಲವೂ ಆಳುವವರದಾಗುತ್ತಿದ್ದ ಕಾಲದಲ್ಲಿ, ಆಟವಾದರೂ ನಮ್ಮದಾಗಿ ಉಳಿಯಲಿ ಎಂಬುದು ಅವರ ಹಟ. ಆ ಹಟ ಎಷ್ಟೆಂದರೆ, ಸಂಘದ ಸದಸ್ಯರು ಫುಟ್‌ಬಾಲ್, ರಗ್ಬಿ, ಹಾಕಿ, ಕ್ರಿಕೆಟ್ ಈ ನಾಲ್ಕು “ಪರಕೀಯ” ಆಟಗಳನ್ನು ಆಡಕೂಡದು, ನೋಡಲೂ ಹೋಗಕೂಡದು ಎಂಬ ನಿಷೇಧವಿತ್ತು. ಐರ್ಲೆಂಡಿನ ರಾಷ್ಟ್ರಾಧ್ಯಕ್ಷರಾಗಿದ್ದ ಡಗ್ಲಾಸ್ ಹೈಡ್ ಅವರು 1938ರಲ್ಲಿ ಒಂದು ಫುಟ್‌ಬಾಲ್ ಪಂದ್ಯಕ್ಕೆ ಹೋದುದಕ್ಕೆ ಸಂಘವು ಅವರನ್ನೇ ತನ್ನ ಪೋಷಕರ ಸ್ಥಾನದಿಂದ ತೆಗೆದುಹಾಕಿತು! ಆ ನಿಷೇಧ 1971ರಲ್ಲಿ ರದ್ದಾಯಿತು.

ಈ ಹಟದ ಹಿಂದೆ ರಕ್ತದ ನೆನಪೂ ಇದೆ. 1920ನೆಯ ನವೆಂಬರ್ 21ರಂದು ಡಬ್ಲಿನ್ನಿನ ಕ್ರೋಕ್ ಪಾರ್ಕ್ ಮೈದಾನದಲ್ಲಿ ಪಂದ್ಯ ನಡೆಯುತ್ತಿರುವಾಗ ಸರ್ಕಾರದ ಪಡೆಗಳು ನುಗ್ಗಿ ಗುಂಡು ಹಾರಿಸಿದವು. 14 ಮಂದಿ ಸತ್ತರು. ಸತ್ತವರಲ್ಲಿ ಒಬ್ಬ ಟಿಪ್ಪರರಿ ತಂಡದ ಆಟಗಾರ ಮೈಕೆಲ್ ಹೋಗನ್. ಇಂದು ಆ ಮೈದಾನದ ಒಂದು ದೊಡ್ಡ ಪ್ರೇಕ್ಷಕರ ಮಂಟಪಕ್ಕೆ ಅವನದೇ ಹೆಸರು. ಜಲಿಯನ್ ವಾಲಾ ಬಾಗನ್ನು ಬಲ್ಲ ನಮಗೆ ಇದರ ನೋವನ್ನು ವಿವರಿಸಿ ಹೇಳಬೇಕಾಗಿಲ್ಲ.

ಊರಿನ ತಂಡ, ಕೌಂಟಿಯ ತಂಡ

ಈ ಆಟದ ವಿಶೇಷವೆಂದರೆ, ಆಟಗಾರನು ತಂಡವನ್ನು ಆರಿಸಿಕೊಳ್ಳುವುದಿಲ್ಲ. ಹುಟ್ಟಿದ ಊರೇ ಅವನನ್ನು ಆರಿಸಿಕೊಂಡಿರುತ್ತದೆ. ಒಂದು ಚರ್ಚಿಗೆ ಸೇರಿದ ಊರುಕೇರಿಗಳ ಗುಂಪಿಗೆ ಅಲ್ಲಿ ಪ್ಯಾರಿಷ್ ಎನ್ನುತ್ತಾರೆ. ಸಾಮಾನ್ಯವಾಗಿ ಒಂದು ಪ್ಯಾರಿಷ್‌ಗೆ ಒಂದು ಕ್ಲಬ್. ಹುಡುಗನು ಏಳೆಂಟು ವರ್ಷದವನಿದ್ದಾಗ ಆ ಕ್ಲಬ್ಬಿನ ಅಂಗಳಕ್ಕೆ ಇಳಿಯುತ್ತಾನೆ. ಬೆಳೆದಂತೆ ಬಾಲಕರ ತಂಡ, ತರುಣರ ತಂಡ, ಕೊನೆಗೆ ಹಿರಿಯರ ತಂಡ. ಕ್ಲಬ್ಬುಗಳಲ್ಲಿಯೂ ಜೂನಿಯರ್, ಇಂಟರ್‌ಮೀಡಿಯೆಟ್, ಸೀನಿಯರ್ ಎಂದು ಮೆಟ್ಟಿಲುಗಳುಂಟು.

ಐರ್ಲೆಂಡ್ ದ್ವೀಪದಲ್ಲಿ 32 ಕೌಂಟಿಗಳಿವೆ. ನಮ್ಮ ಜಿಲ್ಲೆಗಳಿದ್ದಂತೆ ಎನ್ನಬಹುದು. ಕ್ಲಬ್ಬಿನಲ್ಲಿ ಚೆನ್ನಾಗಿ ಆಡಿದವನನ್ನು ಕೌಂಟಿಯ ತಂಡಕ್ಕೆ ಕರೆಯುತ್ತಾರೆ. ಕೌಂಟಿಗಳು ಮೊದಲು ತಮ್ಮ ತಮ್ಮ ಪ್ರಾಂತದಲ್ಲಿ, ಅಂದರೆ ಮನ್‌ಸ್ಟರ್, ಲೆನ್‌ಸ್ಟರ್, ಕನ್ನಾಟ್, ಅಲ್‌ಸ್ಟರ್ ಈ ನಾಲ್ಕರೊಳಗೆ ಸೆಣಸುತ್ತವೆ. ಆಮೇಲೆ ಅಖಿಲ ಐರ್ಲೆಂಡ್ ಪಂದ್ಯಗಳು. ಗೆದ್ದ ಕೌಂಟಿಗೆ ಸ್ಯಾಮ್ ಮಗ್ವೈರ್ ಬಟ್ಟಲು. ಇದನ್ನು 1928ರಿಂದ ಕೊಡುತ್ತಿದ್ದಾರೆ.

ಕೌಂಟಿಗೆ ಹೋದವನು ಕ್ಲಬ್ಬನ್ನು ಬಿಡುವುದಿಲ್ಲ ಎಂಬುದನ್ನು ಗಮನಿಸಬೇಕು. ಡಬ್ಲಿನ್ನಿನಲ್ಲಿ ಎಂಬತ್ತು ಸಾವಿರ ಜನರ ಮುಂದೆ ಆಡಿದವನೇ ಕೆಲವು ವಾರಗಳ ತರುವಾಯ ತನ್ನೂರ ಅಂಗಳದಲ್ಲಿ, ಮಳೆಯಲ್ಲಿ, ಇನ್ನೂರು ಮುನ್ನೂರು ಮಂದಿಯ ಮುಂದೆ ಆಡುತ್ತಾನೆ. 2022ರಿಂದ ವರ್ಷದ ಮೊದಲ ಭಾಗವನ್ನು ಕೌಂಟಿಗೂ ಉಳಿದುದನ್ನು ಕ್ಲಬ್ಬಿಗೂ ಹಂಚಿಕೊಟ್ಟಿದ್ದಾರೆ. ಎರಡಕ್ಕೂ ಸಂಬಳವಿಲ್ಲ. ಆಡುವವನು ಶಾಲೆಯ ಮೇಷ್ಟ್ರು, ರೈತ, ಬಡಗಿ, ಬ್ಯಾಂಕಿನ ಗುಮಾಸ್ತ, ಯಾರೋ ಒಬ್ಬ.

ಮಿಕ್ ಓಕಾನಲ್

ಈ ವ್ಯವಸ್ಥೆಯನ್ನು ಒಬ್ಬ ಮನುಷ್ಯನ ಬಾಳಿನಲ್ಲಿ ನೋಡಿದರೆ ಚೆನ್ನಾಗಿ ತಿಳಿಯುತ್ತದೆ. ಅಕ್ಕ ಇರುವ ಕೆರ್ರಿಯಲ್ಲಿ ಈಗಲೂ ಜನ ಆಡಿಕೊಳ್ಳುವ ಹೆಸರು ಮಿಕ್ ಓಕಾನಲ್.

ಕೆರ್ರಿಯ ಪಶ್ಚಿಮ ತೀರಕ್ಕೆ ಅಂಟಿದಂತೆ ವ್ಯಾಲೆನ್ಷಿಯಾ ಎಂಬ ದ್ವೀಪವಿದೆ. ಸುಮಾರು 11 ಕಿಲೋಮೀಟರ್ ಉದ್ದ, 3 ಕಿಲೋಮೀಟರ್ ಅಗಲ. ಅದರಾಚೆಗೆ ಅಮೆರಿಕದವರೆಗೂ ಬರಿಯ ನೀರು. 1866ರಲ್ಲಿ ಅಟ್ಲಾಂಟಿಕ್ ಸಾಗರದ ತಳದಲ್ಲಿ ತಂತಿಯನ್ನು ಹಾಸಿದಾಗ ಯೂರೋಪಿನ ತುದಿ ಈ ದ್ವೀಪದಲ್ಲಿತ್ತು. ಅಂದಿನಿಂದ ಅಲ್ಲೊಂದು ದೊಡ್ಡ ತಂತಿ ಕಚೇರಿ ಇತ್ತು, 1966ರಲ್ಲಿ ಮುಚ್ಚಿತು. ಓಕಾನಲ್ ಅವರು ಹುಟ್ಟಿದ್ದು 1937ರಲ್ಲಿ, ಬೆಳೆದದ್ದು ಈ ದ್ವೀಪದಲ್ಲಿ, ಕೆಲಸ ಮಾಡಿದ್ದು ಈ ತಂತಿ ಕಚೇರಿಯಲ್ಲಿ.

ದ್ವೀಪಕ್ಕೆ ಸೇತುವೆ ಬಂದುದು 1970ರಲ್ಲಿ. ಅಲ್ಲಿಯ ತನಕ ಆಚೆ ದಡಕ್ಕೆ ದೋಣಿಯೇ ಗತಿ. ಕೌಂಟಿ ತಂಡದ ಅಭ್ಯಾಸ ಕಿಲಾರ್ನಿಯಲ್ಲೋ ಟ್ರಲೀಯಲ್ಲೋ ಇದ್ದರೆ, ಕಚೇರಿ ಮುಗಿಸಿ, ದೋಣಿಗೆ ಹುಟ್ಟು ಹಾಕಿ, ದಡ ಸೇರಿ, ಅಲ್ಲಿಂದ 60 ಕಿಲೋಮೀಟರಿಗೂ ಹೆಚ್ಚು ದಾರಿ ಸಾಗಬೇಕು. ರಾತ್ರಿ ಮತ್ತೆ ಅದೇ ದಾರಿ, ಅದೇ ನೀರು. ಹೀಗಾಗಿ ಬಹಳಷ್ಟು ಸಾಧನೆಯನ್ನು ಅವರು ದ್ವೀಪದಲ್ಲಿ ಒಬ್ಬರೇ ಮಾಡುತ್ತಿದ್ದರು: ಓಡುವುದು, ಎಡಗಾಲಿನಿಂದಲೂ ಬಲಗಾಲಿನಿಂದಲೂ ಒದೆಯುವುದು, ಒದೆದ ಚೆಂಡನ್ನು ಹೋಗಿ ತಾವೇ ತರುವುದು.

ಅವರ ಸ್ಥಾನ ಮೈದಾನದ ನಟ್ಟನಡುವೆ. ಆ ಕಾಲದ ಆಟದಲ್ಲಿ ಗೋಲುಕಾವಲಿನವನು ಒದೆದ ಚೆಂಡು ಆಕಾಶಕ್ಕೇರಿ ಮಧ್ಯಕ್ಕೆ ಬೀಳುತ್ತಿತ್ತು. ಅದನ್ನು ನೆಲ ಮುಟ್ಟುವ ಮೊದಲೇ ಹಾರಿ, ನಾಲ್ಕೈದು ಕೈಗಳ ಮೇಲಿಂದ ಹಿಡಿಯಬೇಕು. ಹಾರುವ ಹೊತ್ತನ್ನು ಅರಿಯುವುದರಲ್ಲಿ, ಹಿಡಿದ ಚೆಂಡನ್ನು ಮುಂದಿನವನ ಎದೆಗೆ ಸರಿಯಾಗಿ ಕಳುಹಿಸುವುದರಲ್ಲಿ ಓಕಾನಲ್ ಅವರಿಗೆ ಸಾಟಿ ಇರಲಿಲ್ಲವೆಂಬುದು ನೋಡಿದವರೆಲ್ಲರ ಮಾತು. ಎದುರಾಳಿಯನ್ನು ಕೆಡವಿ ಆಡುವವರು ಅವರಲ್ಲ. ಆಟವು ಚೆಂಡಿನೊಡನೆ, ಮನುಷ್ಯನೊಡನೆ ಅಲ್ಲ ಎಂಬಂತಿತ್ತು ಅವರ ರೀತಿ.

ಅವರ ಕ್ಲಬ್ಬಿನ ಹೆಸರು ಯಂಗ್ ಐಲೆಂಡರ್ಸ್. ದ್ವೀಪದ ಪುಟ್ಟ ತಂಡ ಕೌಂಟಿಯ ದೊಡ್ಡ ಕ್ಲಬ್ಬುಗಳಿಗೆ ಎದುರು ನಿಲ್ಲುವುದು ಹೇಗೆ? ಇದಕ್ಕೆ ಕೆರ್ರಿಯಲ್ಲಿ ಒಂದು ಜಾಣ ಉಪಾಯವಿದೆ. ಒಂದು ಸೀಮೆಯ ಚಿಕ್ಕ ಕ್ಲಬ್ಬುಗಳು ತಮ್ಮ ತಮ್ಮಲ್ಲಿ ಬೇರೆಯಾಗಿ ಆಡಿಕೊಂಡರೂ, ಕೌಂಟಿಯ ಸೀನಿಯರ್ ಪಂದ್ಯಕ್ಕೆ ಒಂದೇ ತಂಡವಾಗಿ ಇಳಿಯಬಹುದು. ಹೀಗೆ ಕೂಡಿದ ದಕ್ಷಿಣ ಕೆರ್ರಿ ತಂಡ 1955, 1956 ಮತ್ತು 1958ರಲ್ಲಿ ಕೌಂಟಿಯನ್ನು ಗೆದ್ದಿತು. ಕೌಂಟಿ ಗೆದ್ದ ತಂಡದವರು ಮರುವರ್ಷ ಕೆರ್ರಿಯ ನಾಯಕನನ್ನು ಸೂಚಿಸುವುದು ಅಲ್ಲಿ ಬಹುಕಾಲ ನಡೆದುಬಂದ ಪದ್ಧತಿ. ಹೀಗೆ 1959ರಲ್ಲಿ ಇಪ್ಪತ್ತೆರಡು ವರ್ಷದ ದ್ವೀಪದ ಹುಡುಗನಿಗೆ ಇಡೀ ಕೌಂಟಿಯ ನಾಯಕತ್ವ ಬಂದಿತು. ಊರು ಕೊಟ್ಟ ಪಟ್ಟ ಅದು.

ಆ ವರ್ಷದ ಅಖಿಲ ಐರ್ಲೆಂಡ್ ಫೈನಲಿನಲ್ಲಿ ಕೆರ್ರಿ, ಗಾಲ್ವೇ ತಂಡವನ್ನು 3-7, 1-4ರಿಂದ ಸೋಲಿಸಿತು. ಬಟ್ಟಲನ್ನು ಪಡೆದ ನಾಯಕ ಏನು ಮಾಡಬೇಕು? ಡಬ್ಲಿನ್ನಿನಲ್ಲಿ ಔತಣ, ಮೆರವಣಿಗೆ, ಜಯಕಾರ. ಆದರೆ ಓಕಾನಲ್ ಅವರು ಅದಾವುದಕ್ಕೂ ನಿಲ್ಲದೆ, ಬಟ್ಟಲನ್ನು ಬಟ್ಟೆ ಬದಲಿಸುವ ಕೋಣೆಯಲ್ಲಿಯೇ ಬಿಟ್ಟು, ಸಂಜೆಯ ರೈಲು ಹತ್ತಿ, ರಾತ್ರಿಯಲ್ಲಿ ದೋಣಿಗೆ ತಾವೇ ಹುಟ್ಟು ಹಾಕಿ ದ್ವೀಪ ಸೇರಿದರೆಂದು ಕೆರ್ರಿಯ ಜನ ಇಂದಿಗೂ ಹೇಳುತ್ತಾರೆ. ಬಾಯಿಂದ ಬಾಯಿಗೆ ಹೋಗುವಾಗ ಕಥೆಗೆ ಒಂದಿಷ್ಟು ಬಣ್ಣ ಹತ್ತಿರಲೂಬಹುದು. ಆದರೆ ಜನ ಅವರ ಬಗೆಗೆ ಈ ಕಥೆಯನ್ನೇ ಉಳಿಸಿಕೊಂಡಿದ್ದಾರೆಂಬುದು ಗಮನಿಸತಕ್ಕ ವಿಷಯ. ಬಟ್ಟಲು ಎತ್ತಿದ ಚಿತ್ರಕ್ಕಿಂತ ಕತ್ತಲಲ್ಲಿ ದೋಣಿ ನಡೆಸಿದ ಚಿತ್ರ ಅವರಿಗೆ ಪ್ರಿಯವಾಯಿತು.

ಸೋಲು ಗೆಲುವುಗಳ ಲೆಕ್ಕ

ಓಕಾನಲ್ ಅವರು 1956ರಿಂದ 1974ರ ವರೆಗೆ ಕೆರ್ರಿಗಾಗಿ ಆಡಿದರು. ಹನ್ನೆರಡು ಬಾರಿ ಮನ್‌ಸ್ಟರ್ ಪ್ರಾಂತದ ಗೆಲುವು. 1959, 1962, 1969, 1970 ಈ ನಾಲ್ಕು ವರ್ಷಗಳಲ್ಲಿ ಅಖಿಲ ಐರ್ಲೆಂಡ್ ಪದಕ. 1962ರ ಫೈನಲಿನಲ್ಲಿ ರಾಸ್‌ಕಾಮನ್ ತಂಡವನ್ನು 1-12, 1-6ರಿಂದ ಗೆದ್ದಾಗ ಮೊದಲ ಬಾರಿಗೆ ಆ ದೇಶದ ಜನ ಫೈನಲ್ ಪಂದ್ಯವನ್ನು ದೂರದರ್ಶನದಲ್ಲಿ ನೇರವಾಗಿ ನೋಡಿದರು. ಆ ವರ್ಷದ ಶ್ರೇಷ್ಠ ಆಟಗಾರನೆಂಬ ಗೌರವವೂ ಓಕಾನಲ್ ಅವರಿಗೇ ಸಂದಿತು.

ಇಷ್ಟನ್ನೇ ಹೇಳಿ ಮುಗಿಸಿದರೆ ಅರ್ಧ ಸತ್ಯವಾಗುತ್ತದೆ. ಅವರ ಆಟದ ಅವಧಿಯಲ್ಲಿ ಕೆರ್ರಿ ಒಂಬತ್ತು ವರ್ಷ ಫೈನಲ್ ತಲಪಿತು. ನಾಲ್ಕನ್ನು ಗೆದ್ದಿತು, ಐದನ್ನು ಸೋತಿತು. 1960ರಲ್ಲಿ ಡೌನ್ ತಂಡ ಕೆರ್ರಿಯನ್ನು 2-10, 0-8ರಿಂದ ಸೋಲಿಸಿ, ಬಟ್ಟಲನ್ನು ಮೊತ್ತಮೊದಲಿಗೆ ಗಡಿಯಾಚೆಯ ಉತ್ತರ ಐರ್ಲೆಂಡಿಗೆ ಒಯ್ದಿತು. 1964 ಮತ್ತು 1965ರಲ್ಲಿ ಗಾಲ್ವೇ ಎದುರು ಸೋಲು. 1968ರಲ್ಲಿ ಮತ್ತೆ ಡೌನ್ ಎದುರು ಎರಡೇ ಪಾಯಿಂಟಿನ ಸೋಲು. ನಾವಾಗಿದ್ದರೆ ಬೇರೆ ತಂಡ ಹುಡುಕುತ್ತಿದ್ದೆವೋ ಏನೋ. ಅಲ್ಲಿ ಹುಡುಕಲು ಬೇರೆ ತಂಡವೇ ಇಲ್ಲ. ಸೋತರೂ ಕೆರ್ರಿ, ಗೆದ್ದರೂ ಕೆರ್ರಿ. ಮರುವರ್ಷ 1969ರಲ್ಲಿ ಆಫಲಿ ತಂಡವನ್ನು 0-10, 0-7ರಿಂದಲೂ, 1970ರಲ್ಲಿ ಮೀಥ್ ತಂಡವನ್ನು 2-19, 0-18ರಿಂದಲೂ ಸೋಲಿಸಿ ಬಟ್ಟಲನ್ನು ಮನೆಗೆ ತಂದರು. ಆಗ ಓಕಾನಲ್ ಅವರಿಗೆ 33 ವರ್ಷ. 1972ರಲ್ಲಿ ಮತ್ತೊಂದು ಫೈನಲ್. ಆಫಲಿಯೊಡನೆ ಮೊದಲು ಸಮ, ಮರುಪಂದ್ಯದಲ್ಲಿ ಸೋಲು.

ಆಟ ಬಿಟ್ಟ ವರ್ಷವೇ, 1974ರಲ್ಲಿ, ಅವರ ಆತ್ಮಕಥೆ ಅಚ್ಚಾಯಿತು. ಅದರ ಹೆಸರಿನ ಅರ್ಥ “ಒಬ್ಬ ಕೆರ್ರಿ ಆಟಗಾರ” ಎಂದಷ್ಟೆ. 1984ರಲ್ಲಿ ಸಂಘಕ್ಕೆ ನೂರು ತುಂಬಿದಾಗ ಶತಮಾನದ ಹದಿನೈದು ಮಂದಿಯ ತಂಡವನ್ನು ಆರಿಸಿದರು. ನಡುವಿನ ಸ್ಥಾನಕ್ಕೆ ಓಕಾನಲ್. ಮತ್ತೆ 1999ರಲ್ಲಿ ಸಹಸ್ರಮಾನದ ತಂಡವನ್ನು ಆರಿಸಿದಾಗಲೂ ಅವರೇ. 1984ರ ತಂಡದಲ್ಲಿ ಅವರ ಪಕ್ಕದ ಸ್ಥಾನಕ್ಕೆ ಬಂದ ಜಾಕ್ ಓಶೇ, ದ್ವೀಪದ ಎದುರು ದಡದ ಕಾಹಿರ್‌ಸಿವೀನ್ ಊರಿನವರು. ದೋಣಿಯಿಂದ ಕಾಣುವಷ್ಟು ಹತ್ತಿರದ ಎರಡು ಊರುಗಳು ಒಂದು ದೇಶಕ್ಕೆ ಶತಮಾನದ ಇಬ್ಬರು ನಡುವಾಟಗಾರರನ್ನು ಕೊಟ್ಟವು.

ಹಣದ ಪ್ರಶ್ನೆ

ಹಣವಿಲ್ಲದ ಆಟ ಎಂದರೆ ಎಲ್ಲವೂ ಚಿನ್ನವೆಂದು ತಿಳಿಯಬಾರದು. ಅಕ್ಕನೂ ಇದನ್ನು ಒತ್ತಿ ಹೇಳಿದಳು. ಹಗಲೆಲ್ಲ ದುಡಿದು, ವಾರಕ್ಕೆ ನಾಲ್ಕೈದು ಸಂಜೆ ಅಭ್ಯಾಸಕ್ಕೆ ಹೋಗುವವನ ಮನೆಯವರ ಕಷ್ಟ ಸಣ್ಣದಲ್ಲ. ಮೊಣಕಾಲು ಮುರಿದರೆ ಕೆಲಸಕ್ಕೂ ಕುತ್ತು. ಮೈದಾನ ತುಂಬಿ ಲಕ್ಷಗಟ್ಟಲೆ ಯೂರೋ ಬರುವಾಗ ಆಡಿದವನಿಗೆ ಮಾತ್ರ ಪ್ರಯಾಣದ ಖರ್ಚು ಎಂಬುದು ನ್ಯಾಯವೇ ಎಂದು ಕೇಳುವವರೂ ಉಂಟು. 1999ರಲ್ಲಿ ಆಟಗಾರರು ತಮ್ಮದೇ ಒಂದು ಸಂಘ ಕಟ್ಟಿಕೊಂಡರು. ಆಮೇಲೆ ಸರ್ಕಾರದಿಂದ ಒಂದಿಷ್ಟು ಸಹಾಯಧನವೂ ಬರುವಂತಾಯಿತು. ಕೆಲವರು ಇದನ್ನೇ ಹೋಲುವ ಆಸ್ಟ್ರೇಲಿಯಾದ ವೃತ್ತಿ ಆಟಕ್ಕೆ ಹೋಗುತ್ತಾರೆ. ಕೆರ್ರಿಯ ಟೈಗ್ ಕೆನೆಲಿ ಹಾಗೆ ಹೋಗಿ 2005ರಲ್ಲಿ ಸಿಡ್ನಿ ತಂಡದೊಡನೆ ಅಲ್ಲಿನ ಅತ್ಯುನ್ನತ ಬಹುಮಾನವನ್ನೇ ಗೆದ್ದ. ಆದರೂ 2009ರಲ್ಲಿ ಸಂಬಳ ಬಿಟ್ಟು ಊರಿಗೆ ಬಂದು, ಕೆರ್ರಿಗಾಗಿ ಆಡಿ, ಅಖಿಲ ಐರ್ಲೆಂಡ್ ಪದಕ ಪಡೆದ. ಹೊಟ್ಟೆಪಾಡಿಗಾಗಿ ಹೊರಗೆ ಹೋದವನನ್ನು ಊರು ಬಯ್ಯಲಿಲ್ಲ. ಬಂದಾಗ ಬಾಗಿಲು ತೆರೆಯಿತು.

2025ನೆಯ ಜುಲೈ 27ರ ರಾತ್ರಿ ಅಕ್ಕ ದೂರವಾಣಿಯಲ್ಲಿ ತೋರಿಸಿದ ಫೈನಲ್ ಪಂದ್ಯವನ್ನು ನಾನೂ ತಾತನೂ ಕುಳಿತು ನೋಡಿದೆವು. ಹಸುರು ಹೊಂಬಣ್ಣದ ಅಂಗಿಯ ಕೆರ್ರಿ, ಡಾನಿಗಾಲ್ ತಂಡವನ್ನು 1-26, 0-19ರಿಂದ ಗೆದ್ದಿತು. ಅದು ಕೆರ್ರಿಯ 39ನೆಯ ಗೆಲುವು. ಅಂದು ಆಡಿದ ಡೇವಿಡ್ ಕ್ಲಿಫರ್ಡ್ ಎಂಬಾತ ಇಂದಿನ ಆಟಗಾರರಲ್ಲಿ ಶ್ರೇಷ್ಠನೆಂದು ಹೆಸರಾದವನು. ವೃತ್ತಿಯಿಂದ ಶಾಲೆಯ ಮೇಷ್ಟ್ರು. ಫಾಸಾ ಎಂಬ ಚಿಕ್ಕ ಊರಿನ ಕ್ಲಬ್ಬಿನವನು. 2022ರಲ್ಲಿ ಕೌಂಟಿಯೊಡನೆ ದೊಡ್ಡ ಬಟ್ಟಲನ್ನು ಗೆದ್ದ ಮೇಲೆ, 2023ರ ಜನವರಿಯಲ್ಲಿ ಅದೇ ಊರಿನ ಗೆಳೆಯರೊಡನೆ ಆಡಿ ಜೂನಿಯರ್ ದರ್ಜೆಯ ಕ್ಲಬ್ ಬಹುಮಾನವನ್ನೂ ಗೆದ್ದ. ಇದನ್ನು ತಾತನಿಗೆ ವಿವರಿಸಿದೆ. ಅವರು ಕನ್ನಡಕ ಸರಿಮಾಡಿಕೊಂಡು, “ಮೇಷ್ಟ್ರಾ? ನಾಳೆ ಇಸ್ಕೂಲಿಗೆ ಹೋಗ್ತಾನಾ?” ಎಂದು ಕೇಳಿದರು. ಜುಲೈ ತಿಂಗಳಲ್ಲಿ ಅಲ್ಲಿ ರಜೆ ಎಂದೆ. “ಹಾಗಾದರೆ ಸರಿ” ಎಂದರು.

ಕೊನೆಯ ಮಾತು

ಹೊಟ್ಟೆಗಿಲ್ಲದವನಿಗೆ ಊರಿನ ಹೆಮ್ಮೆಯ ಪಾಠ ಹೇಳುವುದು ಸುಲಭ. ಆ ಪಾಠ ಹೇಳುವುದು ನನ್ನ ಉದ್ದೇಶವಲ್ಲ. ಆ ಎರಡು ಸಾವಿರದಿಂದ ಶುಲ್ಕ ಕಟ್ಟಿದೆ; ಅದಕ್ಕಾಗಿ ನಾಚಿಕೆಯಿಲ್ಲ. ಆದರೆ ಆ ರಾತ್ರಿ ಗೆದ್ದ ತಂಡದವರು ತಮ್ಮೂರಿಗೆ ಹೊರಟಾಗ ಅವರ ಲಾರಿಯಲ್ಲಿ ನನಗೆ ಸ್ಥಳವಿರಲಿಲ್ಲ. ಸೋತ ನಮ್ಮೂರ ಹುಡುಗರು ಅರಳಿಕಟ್ಟೆಯ ಮೇಲೆ ಕುಳಿತು ಪಂದ್ಯವನ್ನು ಮತ್ತೆ ಮತ್ತೆ ಆಡುತ್ತಿದ್ದರು. ಅಲ್ಲಿಯೂ ನನಗೆ ಸ್ಥಳವಿರಲಿಲ್ಲ. ತಾತನ ಪ್ರಶ್ನೆಗೆ ಅದೇ ಉತ್ತರವೆಂದು ಈಗ ತೋರುತ್ತದೆ. ಬಟ್ಟಲನ್ನು ಬಿಟ್ಟು ಹೋದ ಓಕಾನಲ್ ಅವರಿಗೆ ದೋಣಿ ಕಟ್ಟಲು ಒಂದು ದಡವಿತ್ತು.

ಈ ವರ್ಷದ ಜಾತ್ರೆಗೆ ಮೊದಲೇ ಹೋಗಿ ನಮ್ಮ ತಂಡದ ನಾಯಕನನ್ನು ಕಂಡೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾಳೆ ಬೆಳಿಗ್ಗೆ ಆರಕ್ಕೆ ಬಾ, ಅಂಕಣದ ಕಲ್ಲು ಆರಿಸಬೇಕು” ಎಂದ. ಹೋದೆ. ಪಂದ್ಯಾವಳಿಯಲ್ಲಿ ಎರಡನೆಯ ಸುತ್ತಿನಲ್ಲಿಯೇ ಸೋತೆವು. ಅಂದು ರಾತ್ರಿ ಅರಳಿಕಟ್ಟೆಯ ಮೇಲೆ ಕುಳಿತು ಆ ಸೋಲನ್ನು ಮತ್ತೆ ಆಡಿದವರಲ್ಲಿ ನಾನೂ ಒಬ್ಬನಾಗಿದ್ದೆ.